ನಿಂತುಹೋದ ನೆರವಿನ ಪಟ್ಟಿ ಕೊಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಪಿಂಚಣಿ, ಪಡಿತರ, ಗೃಹಲಕ್ಷ್ಮಿ ನೆರವು ನಿಂತುಹೋದವರನ್ನು ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯಿಂದಲೇ ಗುರುತಿಸಿ ಸರಿಪಡಿಸುವ ಕುರಿತು.

ಮಾನ್ಯರೇ,

ಅಘನಾಶಿನಿ ನದಿ ಕಡಲು ಸೇರುವ ಕಡೆಯ ಹಳ್ಳಿಯೊಂದರಲ್ಲಿ ನಾನು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕಪುಸ್ತಕ ಬರೆಯುತ್ತೇನೆ. ಸಂಘದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಎಣಿಸಿ ಮುಗಿದ ಮೇಲೆ ಯಾರಾದರೊಬ್ಬರು ಚೀಲದಿಂದ ಪಾಸ್‌ಬುಕ್ ತೆಗೆದು ನನ್ನ ಮುಂದಿಡುತ್ತಾರೆ. ಪಿಂಚಣಿ ಯಾವಾಗ ನಿಂತಿತು, ಏಕೆ ನಿಂತಿತು, ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಪಾಸ್‌ಬುಕ್ ನೋಡಿದರೆ ನನಗೂ ಗೊತ್ತಾಗುವುದಿಲ್ಲ. ಆದರೆ ಸರ್ಕಾರದ ಕಂಪ್ಯೂಟರಿನಲ್ಲಿ ಆ ಕಾರಣ ಬರೆದಿರುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ಯಾವ ಒಬ್ಬ ನೌಕರರ ಮೇಲೂ ನಾನು ದೂರು ಹೇಳುತ್ತಿಲ್ಲ. ನಾಡಕಚೇರಿ, ಪಂಚಾಯಿತಿ, ಬ್ಯಾಂಕು ಎಲ್ಲ ಕಡೆಯೂ ಕೂರಿಸಿ ಮಾತು ಕೇಳಿ ಕೆಲಸ ಮಾಡಿಕೊಟ್ಟವರಿದ್ದಾರೆ. ಒಬ್ಬರದು ಸರಿಹೋಗುತ್ತದೆ, ಅದೇ ತಪ್ಪು ಮರುತಿಂಗಳು ಪಕ್ಕದ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಜಿಲ್ಲೆಯ ಮಟ್ಟದಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡದ ಹೊರತು ಇದು ಮುಗಿಯುವುದಿಲ್ಲ ಎಂದು ಮನವರಿಕೆಯಾದ್ದರಿಂದ ತಮಗೆ, ಎಲ್ಲರೂ ಓದುವ ಹಾಗೆ, ಬರೆಯುತ್ತಿದ್ದೇನೆ.

ಕಂಡದ್ದನ್ನು ಹೇಳುತ್ತೇನೆ. ನಮ್ಮ ಕೇರಿಯ ವೃದ್ಧೆಯೊಬ್ಬರಿಗೆ ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ ಪಿಂಚಣಿ ₹1,200 ಇದ್ದಕ್ಕಿದ್ದಂತೆ ಬರದಾಯಿತು. ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಹೋಗಿ ಎಂದರು, ಅಲ್ಲಿಯವರು ಬ್ಯಾಂಕಿಗೆ ಹೋಗಿ ಎಂದರು. ಬಹಳ ದಿನಗಳ ಮೇಲೆ ತಿಳಿದದ್ದು ಇಷ್ಟು: ಅದೇ ಊರಿನ, ಅದೇ ಹೆಸರಿನ, ಗಂಡನ ಹೆಸರೂ ಒಂದೇ ಆಗಿರುವ ಇನ್ನೊಬ್ಬ ಅಜ್ಜಿ ತೀರಿಕೊಂಡಿದ್ದರು. ಸತ್ತವರ ಪಟ್ಟಿಯನ್ನು ಪಿಂಚಣಿ ಪಟ್ಟಿಗೆ ಹೋಲಿಸಿದಾಗ ಬದುಕಿರುವ ಇವರ ಹೆಸರು ಹೋಗಿತ್ತು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಊರು ನಮ್ಮದು. ಒಂದೇ ಕೇರಿಯಲ್ಲಿ ನಾಲ್ಕು ಮಂದಿ ದೇವಿ, ಐದು ಮಂದಿ ತಿಮ್ಮಪ್ಪ ಇರುವುದು ಇಲ್ಲಿ ಸಾಮಾನ್ಯ. ಹೆಸರು ಕೂಡಿಬಂದ ಮಾತ್ರಕ್ಕೆ ಮನುಷ್ಯರು ಅವರೇ ಆಗುವುದಿಲ್ಲ ಎಂಬುದು ಇಲ್ಲಿನ ಅಂಚೆಯಣ್ಣನಿಗೂ ಗೊತ್ತು. ಎದುರಿಗೇ ಕುಳಿತಿದ್ದ ಆ ಅಜ್ಜಿಗೆ, ತಾನು ಬದುಕಿದ್ದೇನೆ ಎಂಬುದಕ್ಕೆ ಪ್ರಮಾಣಪತ್ರ ತರುವಂತೆ ಹೇಳಿದಾಗ ಅವರು ಅತ್ತದ್ದನ್ನು ನಾನು ಮರೆಯಲಾರೆ.

ಇನ್ನೊಂದು ಬಗೆಯ ತೊಂದರೆ ಹೆಬ್ಬೆಟ್ಟಿನದು. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರ ಬೆರಳುಗಳನ್ನು ತಾವು ಒಮ್ಮೆ ನೋಡಬೇಕು. ಚಿಪ್ಪು ಕೊಯ್ದು, ಉಪ್ಪುನೀರು ತಿಂದು ಗೆರೆಗಳೇ ಸವೆದಿರುತ್ತವೆ. ಮೀನು ಕೊಯ್ಯುವವರದೂ ಹಾಗೆಯೇ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಹೆಂಗಸರ ಕೈಯೂ ಬೇರೆಯಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುವುದಿಲ್ಲ. ಮೊಬೈಲಿಗೆ ಬರುವ ಸಂಖ್ಯೆ ಹೇಳಿ ಪಡೆಯಬಹುದು ಎನ್ನುತ್ತಾರೆ. ಆ ಮೊಬೈಲು ಗೋವಾದಲ್ಲೋ ಮಲ್ಪೆಯಲ್ಲೋ ಬೋಟಿನ ಮೇಲಿರುವ ಮಗನ ಕೈಯಲ್ಲಿರುತ್ತದೆ, ಬೋಟು ಸಮುದ್ರದ ನಡುವೆ ಇರುತ್ತದೆ. ಪಡಿತರ ಚೀಟಿಯ ಇ-ಕೆವೈಸಿಗೆ (ಆಧಾರ್ ಮೂಲಕ ಗುರುತು ಖಚಿತಪಡಿಸುವುದಕ್ಕೆ) ಮನೆಯ ಪ್ರತಿಯೊಬ್ಬರೂ ಬೆರಳು ಕೊಡಬೇಕು ಎಂದಾಗಲೂ ಇದೇ ಆಯಿತು. ಬೋಟಿಗೆ ಹೋದ ಗಂಡಸರು ಹೇಳಿದ ದಿನಕ್ಕೆ ಬಂದು ನಿಲ್ಲಲಾರರು.

ಬ್ಯಾಂಕ್ ಖಾತೆಯ ಕಥೆ ಎಲ್ಲಕ್ಕಿಂತ ತೊಡಕಿನದು. ನಮ್ಮ ಕರಾವಳಿಯ ಜನ ತಲೆಮಾರುಗಳಿಂದ ವ್ಯವಹರಿಸಿದ ಬ್ಯಾಂಕುಗಳು ಒಂದೊಂದಾಗಿ ವಿಲೀನವಾದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಹೋದವು. 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕ್ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ವಿಲೀನ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಶಾಖೆಯ ಸಂಕೇತ, ಪಾಸ್‌ಬುಕ್ ಬದಲಾದಾಗಲೆಲ್ಲ ಒಂದಷ್ಟು ಮುದುಕಿಯರ ಹಣ ದಾರಿ ತಪ್ಪುತ್ತದೆ. 2014ರ ಆಗಸ್ಟಿನಿಂದ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿ ಮತ್ತೆ ಕೆವೈಸಿ ಕೇಳುತ್ತಿದ್ದಾರೆ. ಕೊಡದವರಿಗೆ ಖಾತೆಯಿಂದ ಹಣ ತೆಗೆಯಲು ತೊಂದರೆಯಾಗಬಹುದು. ಮದುವೆಯಾದಾಗ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿ ಈ ಕರಾವಳಿಯ ಹಲವು ಮನೆಗಳಲ್ಲಿತ್ತು. ಹೀಗಾಗಿ ಪಾಸ್‌ಬುಕ್ಕಿನಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು, ಪಡಿತರ ಚೀಟಿಯಲ್ಲಿ ಇವೆರಡೂ ಕಲಸಿದ ಮೂರನೆಯದು ಇರುವವರು ನಮ್ಮ ಸಂಘಗಳಲ್ಲಿ ಹತ್ತಾರು ಮಂದಿ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇರೆಯೇ ಒಂದು ಬಗೆ. ಆಧಾರ್ ಮೂಲಕ ಕಳುಹಿಸುವ ಹಣ, ಆಧಾರನ್ನು ಕೊನೆಯದಾಗಿ ಯಾವ ಖಾತೆಗೆ ಜೋಡಿಸಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ಯಾರೋ ಮೊಬೈಲ್ ಸಿಮ್ ಕೊಡುವಾಗ, ಸಾಲ ಕೊಡಿಸುವಾಗ, ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೊಸ ಖಾತೆ ತೆರೆದಿರುತ್ತಾರೆ. ಇವರ ಕೈಯಲ್ಲಿ ಹಳೆಯ ಪಾಸ್‌ಬುಕ್, ಹಣ ಬೀಳುವುದು ಹೊಸ ಖಾತೆಗೆ. ಸರ್ಕಾರದ ದಾಖಲೆಯಲ್ಲಿ ಪಾವತಿ ಯಶಸ್ವಿಯಾಗಿದೆ ಎಂದೇ ಇರುತ್ತದೆ. ವಿಧವಾ ವೇತನವೊಂದನ್ನೇ ನಂಬಿದ ಹೆಣ್ಣುಮಗಳೊಬ್ಬಳು ತನ್ನ ಹಣ ಬರುತ್ತಲೇ ಇಲ್ಲವೆಂದು ತಿಂಗಳುಗಟ್ಟಲೆ ಕೈಸಾಲ ಮಾಡಿದಳು. ಆ ಹಣ ಅಷ್ಟು ಕಾಲವೂ ಅವಳ ಹೆಸರಿನಲ್ಲಿಯೇ, ಅವಳಿಗೆ ಗೊತ್ತಿಲ್ಲದ ಖಾತೆಯಲ್ಲಿ ಬಿದ್ದಿತ್ತು.

ಗೃಹಲಕ್ಷ್ಮಿಯ ₹2,000 ವಿಷಯದಲ್ಲಿ ಕಂಡ ಒಂದನ್ನು ಹೇಳಿ ಈ ಭಾಗ ಮುಗಿಸುತ್ತೇನೆ. ಮೀನು ಸಾಗಿಸುವ ಟೆಂಪೋ ಸಾಲಕ್ಕೆಂದು ಗಂಡ ಒಂದು ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಿದ್ದರು. ಕಟ್ಟಬೇಕಾದ ತೆರಿಗೆ ಒಂದು ರೂಪಾಯಿಯೂ ಇರಲಿಲ್ಲ. ಹೆಂಡತಿಯ ಹೆಸರಿನ ಮುಂದೆ ತೆರಿಗೆ ಪಾವತಿದಾರರ ಕುಟುಂಬ ಎಂದು ಬಿತ್ತು, ನೆರವು ನಿಂತಿತು. ವಿವರ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ.

ಮಾನ್ಯರೇ, ಈ ತೊಂದರೆಗಳಲ್ಲಿ ಹೆಚ್ಚಿನವು ನಡೆದ ದಿನವೇ ಯಾವುದೋ ಒಂದು ಕಂಪ್ಯೂಟರಿನಲ್ಲಿ ದಾಖಲಾಗಿವೆ. ಹಣ ಖಾತೆಗೆ ಹೋಗದೆ ಹಿಂದಿರುಗಿದರೆ ಕಾರಣದ ಸಮೇತ ಹಿಂದಿರುಗುತ್ತದೆ. ಅಂಗಡಿಯ ಯಂತ್ರದಲ್ಲಿ ಪಡಿತರ ಎತ್ತಿದವರು ಯಾರು, ಎತ್ತದವರು ಯಾರು ಎಂಬುದು ತಿಂಗಳ ಕೊನೆಗೆ ಗೊತ್ತಾಗುತ್ತದೆ. ಹೋದ ತಿಂಗಳು ಪಿಂಚಣಿ ಪಡೆದು ಈ ತಿಂಗಳು ಪಡೆಯದವರು ಯಾರೆಂದು ತಿಳಿಯಲು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ನಮ್ಮ ಒಕ್ಕೂಟದಲ್ಲಿ ಕಂತು ತಪ್ಪಿದವರನ್ನು ನಾನು ಹಾಗೆಯೇ ಗುರುತಿಸುತ್ತೇನೆ. ಆದರೂ ಈ ಮಾಹಿತಿ ಕೆಳಗೆ ಬರುವುದಿಲ್ಲ. ಅರ್ಜಿ ಕೊಟ್ಟವರ ಲೆಕ್ಕ ಇಡಲು 2011ರ ಸಕಾಲ ಕಾಯ್ದೆ ಇದೆ, ಅರ್ಜಿ ಎಷ್ಟು ದಿನ ಉಳಿಯಿತು ಎಂದು ಅದು ಎಣಿಸುತ್ತದೆ. ಬರುತ್ತಿದ್ದ ನೆರವು ಸದ್ದಿಲ್ಲದೆ ನಿಂತವರು ಅರ್ಜಿಯನ್ನೇ ಕೊಟ್ಟಿರುವುದಿಲ್ಲ, ಆದ್ದರಿಂದ ಅವರು ಯಾವ ಎಣಿಕೆಯಲ್ಲಿಯೂ ಇಲ್ಲ. ಪಿಂಚಣಿಯ ದೂರು ಕೇಳುವ ಪಿಂಚಣಿ ಅದಾಲತ್ತಿಗೂ ಬರುವವರು ಗೊತ್ತಿದ್ದು ಬಂದವರು, ನಡೆದು ಬರಬಲ್ಲವರು.

ಇದೇ ಮಾಹಿತಿಯನ್ನು ಹೆಸರು ತೆಗೆಯಲು ಮಾತ್ರ ಬಹಳ ಚುರುಕಾಗಿ ಬಳಸಲಾಗುತ್ತಿದೆ. ಸಲ್ಲದವರಿಗೆ ಸಲ್ಲಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕಾರು ಇಟ್ಟುಕೊಂಡವರು ಬಡವರಿಗೆಂದಿರುವ ಆದ್ಯತಾ (ಬಿಪಿಎಲ್) ಚೀಟಿಯ ಅಕ್ಕಿ ಒಯ್ಯುವುದನ್ನು ಕಂಡಾಗ ನಮ್ಮ ಹೆಂಗಸರಿಗೂ ಸಿಟ್ಟು ಬರುತ್ತದೆ. ಆದರೆ ಸಲ್ಲಬೇಕಾದವರಿಗೆ ಸಲ್ಲದೆ ಹೋಗುವುದೂ ಅಷ್ಟೇ ದೊಡ್ಡ ತಪ್ಪು, ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. 2024ರ ನವೆಂಬರಿನಲ್ಲಿ ಪಡಿತರ ಚೀಟಿಗಳ ಪರಿಷ್ಕರಣೆಯಲ್ಲಿ ಅರ್ಹರ ಚೀಟಿಗಳೂ ಹೋಗಿ ರಾಜ್ಯವಿಡೀ ಗದ್ದಲವಾಯಿತು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಚೀಟಿ ಮರಳಿಸುವಂತೆ ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ದಡಕ್ಕೆ ಬಂದ ಮೀನುಗಾರ ಬಲೆಯಲ್ಲಿ ಬಿದ್ದದ್ದನ್ನಷ್ಟೇ ನೋಡಿ ಮನೆಗೆ ಹೋಗುವುದಿಲ್ಲ, ಬಲೆ ಎಲ್ಲಿ ಹರಿದಿದೆ ಎಂದು ಮರಳಿನ ಮೇಲೆ ಹರಡಿ ನೋಡುತ್ತಾನೆ. ಆಡಳಿತವೂ ಅಷ್ಟು ಮಾಡಬೇಕು ಎಂಬುದೇ ನನ್ನ ಬೇಡಿಕೆ.

ಈ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳುವಾಗ 2017ರ ಜುಲೈ ತಿಂಗಳನ್ನು ನೆನೆಯದಿರಲಾಗದು. ಗೋಕರ್ಣದಲ್ಲಿ ಮುಕ್ರಿ ಸಮುದಾಯದ ಒಂದೇ ಮನೆಯ ಮೂವರು ಸಹೋದರರು ಆ ತಿಂಗಳು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಮನೆಗೆ ತಿಂಗಳುಗಳಿಂದ ಪಡಿತರ ಸಿಕ್ಕಿರಲಿಲ್ಲ ಎಂದು ಪಿಯುಸಿಎಲ್ ಎಂಬ ಮಾನವ ಹಕ್ಕುಗಳ ಸಂಘಟನೆಯ ಸತ್ಯಶೋಧನೆ ಹೇಳಿತು. ಅವು ಹಸಿವಿನ ಸಾವುಗಳೆಂದು ಸರ್ಕಾರ ಒಪ್ಪಲಿಲ್ಲ. ಸಾವಿಗೆ ಕಾರಣ ಏನೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಕೂಲಿ ಮಾಡಿ ಉಣ್ಣುವ ಒಂದು ಮನೆ ತಿಂಗಳುಗಟ್ಟಲೆ ಅಕ್ಕಿ ಎತ್ತದಿದ್ದಾಗ, ಅದೇಕೆ ಎಂದು ಕೇಳಲು ಯಾರಾದರೂ ಆ ಬಾಗಿಲಿಗೆ ಹೋಗಬೇಕಿತ್ತಲ್ಲವೇ? ಎತ್ತದ ಅಕ್ಕಿಯನ್ನು ಉಳಿತಾಯ ಎಂದು ಬರೆದುಕೊಳ್ಳುವ ಬದಲು ಎಚ್ಚರಿಕೆ ಎಂದು ಓದಬೇಕಿತ್ತಲ್ಲವೇ?

ಬೇರೆಡೆ ಆದದ್ದೂ ನಮ್ಮ ಕಣ್ಣ ಮುಂದಿದೆ. ತೆಲಂಗಾಣದಲ್ಲಿ ಕಂಪ್ಯೂಟರ್ ಹೋಲಿಕೆಯನ್ನು ನೆಚ್ಚಿ ರದ್ದುಪಡಿಸಿದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆಸ್ಟ್ರೇಲಿಯಾದಂತಹ ಸಿರಿವಂತ ದೇಶದಲ್ಲಿಯೂ, ವರ್ಷದ ಆದಾಯವನ್ನು ಹದಿನೈದು ದಿನಗಳ 26 ಸಮಪಾಲು ಮಾಡಿ, ನೆರವು ಪಡೆದವರು ಹೆಚ್ಚು ಪಡೆದಿದ್ದಾರೆ ಎಂದು ಯಂತ್ರ ಲಕ್ಷಾಂತರ ಜನರಿಗೆ ಸುಳ್ಳು ಬಾಕಿ ಹೊರಿಸಿತು. 2023ರಲ್ಲಿ ವಿಚಾರಣಾ ಆಯೋಗ ಆ ವ್ಯವಸ್ಥೆಯನ್ನು ಕ್ರೂರವೆಂದು ಕರೆಯಿತು. ಋತುವಿಗೆ ತಕ್ಕಂತೆ ದುಡಿದು ಉಣ್ಣುವವರ ಆದಾಯ ಸಮಪಾಲಾಗಿ ಬರುವುದಿಲ್ಲ. ಮಳೆಗಾಲದಲ್ಲಿ ಒಲೆ ಹಚ್ಚಲು ಯೋಚಿಸುವ ಮೀನುಗಾರರ ಮನೆಗಳಿರುವ ನಮ್ಮ ಕರಾವಳಿಗೆ ಈ ಪಾಠ ಬೇಗ ಅರ್ಥವಾಗುತ್ತದೆ.

ಒಳ್ಳೆಯ ಉದಾಹರಣೆಯೂ ಅದೇ ತೆಲಂಗಾಣದ್ದು. 2018ರಲ್ಲಿ ರೈತರಿಗೆ ನೆರವು ಕೊಡುವ ರೈತಬಂಧು ಯೋಜನೆಯ ಚೆಕ್ ಹಂಚುವಾಗ, ಕೆಲವು ಮಂಡಲಗಳ (ಅಲ್ಲಿ ತಾಲ್ಲೂಕಿನಂಥ ಆಡಳಿತ ಭಾಗ) ಅಧಿಕಾರಿಗಳಿಗೆ ಒಂದು ಮಾತು ಮೊದಲೇ ತಿಳಿಸಿದರು: ನಿಮ್ಮ ರೈತರಿಗೆ ನಾವೇ ಫೋನ್ ಮಾಡಿ, ಚೆಕ್ ಕೈ ಸೇರಿತೇ ಎಂದು ಕೇಳುತ್ತೇವೆ. ಅಷ್ಟಕ್ಕೇ ಆ ಮಂಡಲಗಳಲ್ಲಿ ಹಂಚಿಕೆ ಸುಧಾರಿಸಿತು. ಸುಧಾರಣೆ ಚಿಕ್ಕದೇ, ಆದರೆ ಅದಕ್ಕೆ ತಗಲಿದ ಖರ್ಚು ಇನ್ನೂ ಚಿಕ್ಕದು, ಮತ್ತು ಸಾಮಾನ್ಯವಾಗಿ ಹಿಂದೆ ಉಳಿಯುವ ರೈತರಿಗೇ ಲಾಭ ಹೆಚ್ಚು ದೊರೆಯಿತು. ಪಾವತಿ ಯಶಸ್ವಿ ಎಂದು ದಾಖಲೆ ಹೇಳಿದರೂ ಹಣ ಕೈ ಸೇರದ ನಮ್ಮ ಹೆಣ್ಣುಮಗಳಂಥವರನ್ನು ಕಂಡುಹಿಡಿಯಲು ಇದಕ್ಕಿಂತ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಅವಳ ದಾಖಲೆಯಲ್ಲಿ ತಪ್ಪೇ ಇಲ್ಲ; ಅವಳನ್ನೇ ಕೇಳಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ ಇದು. ಪ್ರತಿ ತಿಂಗಳ ಪಿಂಚಣಿ ಪಾವತಿಯ ನಂತರ, ಹಿಂದಿನ ತಿಂಗಳು ಬಂದು ಈ ತಿಂಗಳು ಬಾರದವರ ಪಟ್ಟಿಯನ್ನು ಪಂಚಾಯಿತಿವಾರು ತೆಗೆದು, ಕಾರಣವನ್ನು ಕನ್ನಡದಲ್ಲಿ ಬರೆದು, ಪಿಡಿಒ ಮತ್ತು ಗ್ರಾಮ ಆಡಳಿತ ಅಧಿಕಾರಿಗೆ ಕಳುಹಿಸಿ. ಸಂಕೇತ ಸಂಖ್ಯೆ ಬೇಡ. ಖಾತೆ ನಿಷ್ಕ್ರಿಯವಾಗಿದೆ, ಹೆಸರು ಹೊಂದುತ್ತಿಲ್ಲ, ಮರಣ ಎಂದು ನಮೂದಾಗಿದೆ ಎಂದು ನೇರವಾಗಿ ಇರಲಿ. ಕಾರಣ ಗೊತ್ತಾದರೆ ಅರ್ಧ ಅಲೆದಾಟ ಅಲ್ಲಿಗೇ ನಿಲ್ಲುತ್ತದೆ. ಪಡಿತರದಲ್ಲಿಯೂ ಹೀಗೆಯೇ, ಮೂರು ತಿಂಗಳು ಎಡೆಬಿಡದೆ ಅಕ್ಕಿ ಎತ್ತದ ಮನೆಗಳನ್ನೂ ಬೆರಳು ಮತ್ತೆ ಮತ್ತೆ ವಿಫಲವಾದವರನ್ನೂ ಗುರುತಿಸಿ. ಗೋವಾದಲ್ಲೋ ಉಡುಪಿಯಲ್ಲೋ ಅದೇ ಚೀಟಿಯಲ್ಲಿ ಅಕ್ಕಿ ಪಡೆಯುತ್ತಿರುವವರು ದಾಖಲೆಯಲ್ಲಿಯೇ ಗೊತ್ತಾಗುತ್ತಾರೆ, ಅವರನ್ನು ಬಿಡಿ. ಉಳಿದ ಮನೆಗಳಿಗೆ ಒಬ್ಬರು ಹೋಗಿ ಬರಲಿ.

ಎರಡನೆಯದು, ಕಂಪ್ಯೂಟರಿನ ಹೋಲಿಕೆಯೊಂದನ್ನೇ ನಂಬಿ ಯಾರ ನೆರವನ್ನೂ ನಿಲ್ಲಿಸದಿರಿ. ಹೋಲಿಕೆ ಅನುಮಾನ ಹುಟ್ಟಿಸಲಿ, ತೀರ್ಮಾನ ಮಾಡುವುದು ಬೇಡ. ಮನೆಗೆ ಲಿಖಿತ ನೋಟಿಸ್ ಹೋಗಲಿ, ಉತ್ತರಕ್ಕೆ ಸಮಯವಿರಲಿ, ಎಲ್ಲಿ ಮೇಲ್ಮನವಿ ಕೊಡಬೇಕೆಂದು ಅದರಲ್ಲಿಯೇ ಇರಲಿ, ಅಲ್ಲಿಯವರೆಗೆ ಹಣ ಮತ್ತು ಅಕ್ಕಿ ಬರುತ್ತಿರಲಿ. ತಪ್ಪಾಗಿ ನಿಂತದ್ದು ಸರಿಹೋದಾಗ ನಡುವಿನ ತಿಂಗಳುಗಳ ಬಾಕಿಯೂ ಸೇರಬೇಕು. ತಪ್ಪು ಅವರದಲ್ಲದಿದ್ದಾಗ ನಷ್ಟವೂ ಅವರದಾಗಬಾರದು.

ಮೂರನೆಯದು, ಪ್ರತಿ ಪಂಚಾಯಿತಿಯಿಂದ ಚೀಟಿ ಎತ್ತಿದಂತೆ ಕೆಲವು ಫಲಾನುಭವಿಗಳನ್ನು ಆರಿಸಿ ತಮ್ಮ ಕಚೇರಿಯಿಂದಲೇ ಫೋನ್ ಮಾಡಿಸಿ. ಜೋಯಿಡಾದ ಕುಣಬಿ ಹಳ್ಳಿಗಳು, ಯಲ್ಲಾಪುರ ಮತ್ತು ಹಳಿಯಾಳದ ಸಿದ್ದಿಗಳ ಮನೆಗಳು, ಗೌಳಿವಾಡಗಳು ಫೋನಿಗೆ ಸಿಗದಿರಬಹುದು. ಸಿಗದವರನ್ನು ಎಣಿಕೆಯಿಂದ ಬಿಟ್ಟರೆ ಇಡೀ ಕೆಲಸವೇ ವ್ಯರ್ಥ. ನೆಟ್‌ವರ್ಕ್ ಇಲ್ಲದ ಕಡೆಯೇ ನೆರವು ನಿಲ್ಲುವ ಸಾಧ್ಯತೆ ಹೆಚ್ಚು, ಅಲ್ಲಿಗೆ ನಡೆದೇ ಹೋಗಬೇಕು.

ಕೊನೆಯದಾಗಿ, ಲೆಕ್ಕವನ್ನು ಬಹಿರಂಗಪಡಿಸಿ. ಮೂರು ತಿಂಗಳಿಗೊಮ್ಮೆ ಪ್ರತಿ ಪಂಚಾಯಿತಿಯಲ್ಲಿ ಎಷ್ಟು ಹೆಸರು ಸೇರಿತು, ಎಷ್ಟು ತೆಗೆಯಲಾಯಿತು, ತೆಗೆದವರಲ್ಲಿ ಎಷ್ಟು ಮಂದಿ ಅರ್ಹರೆಂದು ತಿಳಿದು ಮತ್ತೆ ಸೇರಿದರು ಎಂಬ ಮೂರು ಸಂಖ್ಯೆಗಳು ಸೂಚನಾ ಫಲಕದಲ್ಲಿ ಇರಲಿ. ಮೂರನೆಯ ಸಂಖ್ಯೆಯೇ ಮುಖ್ಯ. ಯಾವ ಕಾರಣಕ್ಕೆ ತೆಗೆದವರು ಹೆಚ್ಚು ಹೆಚ್ಚಾಗಿ ಮರಳುತ್ತಿದ್ದಾರೋ ಆ ನಿಯಮವೇ ಕೆಟ್ಟಿದೆ ಎಂದು ಅರ್ಥ. ಜನರನ್ನು ತಿದ್ದುವ ಮೊದಲು ಆ ನಿಯಮವನ್ನು ತಿದ್ದಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಕೇಳದೆಯೇ ಮಾಹಿತಿ ಕೊಡಿ ಎನ್ನುತ್ತದೆ. ರಾಜಸ್ಥಾನದಲ್ಲಿ 2019ರಿಂದ ಯೋಜನೆಗಳ ಮಾಹಿತಿ ಎಲ್ಲರಿಗೂ ತೋರಿಸುವ ಜನ ಸೂಚನಾ ಪೋರ್ಟಲ್ ಇದೆ, ನಮ್ಮಲ್ಲಿಯೂ ಅಂಥದೇ ಮಾಹಿತಿ ಕಣಜ ಇದೆ. ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಆದರೆ ಯಾರ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಕಾಯಿಲೆಯ ವಿವರವೂ ಗೋಡೆಯ ಮೇಲೆ ಬರಬಾರದು. ಸಂಖ್ಯೆಗಳು ಫಲಕದಲ್ಲಿರಲಿ, ಹೆಸರುಗಳು ನೌಕರರ ಕೈಯಲ್ಲಿರಲಿ.

ಈ ಮಾಹಿತಿಯ ಬಹುಭಾಗ ಬೆಂಗಳೂರಿನ ಇಲಾಖೆಗಳ ಬಳಿ ಇದೆ ಎಂಬುದು ನನಗೆ ಗೊತ್ತು. ಆದರೆ 12 ತಾಲ್ಲೂಕುಗಳ ಜಿಲ್ಲೆಯ ಮುಖ್ಯಸ್ಥರು ಬರೆದು ಕೇಳಿದರೆ ಪಟ್ಟಿ ಬರುತ್ತದೆ ಎಂಬ ನಂಬಿಕೆ ನನಗಿದೆ. ನೌಕರರ ಕೊರತೆಯ ಮಾತು ಬಂದೇ ಬರುತ್ತದೆ. ಅಲ್ಲಿ ನಾವು ಹೆಗಲು ಕೊಡಲು ಸಿದ್ಧರಿದ್ದೇವೆ. ಪಂಚಾಯಿತಿಯವರು ಯಾರ ಮನೆಗೆ ಹೋಗಬೇಕೆಂದು ಹೇಳಿದರೆ ನಮ್ಮ ಸಂಘದ ಹೆಂಗಸರು ಜೊತೆಗೆ ಹೋಗುತ್ತಾರೆ. ಯಾವ ದೇವಿ ತೀರಿಕೊಂಡರು, ಯಾವ ದೇವಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಾರೆ ಎಂದು ಅವರು ಹೇಳಬಲ್ಲರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಪಿಂಚಣಿ ಮತ್ತು ನ್ಯಾಯಬೆಲೆ ಅಂಗಡಿಯ ಅಕ್ಕಿಯೇ ಆಸರೆ. ಬೋಟಿನ ಗಂಡಸರು ಊರಿನಲ್ಲಿರುವ ಕಾಲವೂ ಅದೇ. ಇ-ಕೆವೈಸಿ ಶಿಬಿರಗಳನ್ನು ಆಗ ಬಂದರುಗಳ ಬಳಿಯೇ ನಡೆಸಿದರೆ ಬಿಟ್ಟುಹೋದ ಬೆರಳುಗಳೆಲ್ಲ ಸಿಗುತ್ತವೆ. ನಿಂತುಹೋದವರ ಮೊದಲ ಪಟ್ಟಿಯನ್ನು ಮುಂಬರುವ ಜೂನ್ 1ಕ್ಕಿಂತ ಮೊದಲು ಪಂಚಾಯಿತಿಗಳಿಗೆ ತಲುಪಿಸಬೇಕೆಂದೂ, ಅದನ್ನು ಸರಿಪಡಿಸುವ ಹೊಣೆ ಪ್ರತಿ ತಾಲ್ಲೂಕಿನಲ್ಲಿ ಯಾವ ಅಧಿಕಾರಿಯದು ಎಂಬುದನ್ನು ಹೆಸರು ಮತ್ತು ದೂರವಾಣಿ ಸಂಖ್ಯೆಯ ಸಮೇತ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಅಘನಾಶಿನಿ ತೀರದ ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕ ಬರೆಯುವವಳು